ಗಿಟ್‌ನ ಭಾಗಶಃ ಕ್ಲೋನ್ ನಿಜಕ್ಕೂ ಭಾಗಶಃವೇ? ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪುಣೆಯ ಹಿಂಜವಡಿ, ಖರಾಡಿಗಳಲ್ಲೋ ನವಿ ಮುಂಬಯಿಯ ಐರೋಲಿಯಲ್ಲೋ ಕೆಲಸ ಮಾಡುವ ಕನ್ನಡಿಗರಲ್ಲಿ ಅನೇಕರಿಗೆ ಕಚೇರಿಯ ಕೋಡ್ ಅಲ್ಲದೆ ಮತ್ತೊಂದು ರೆಪಾಸಿಟರಿಯ, ಅಂದರೆ ಕಡತಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹದ, ನಂಟೂ ಇರುತ್ತದೆ. ಕನ್ನಡ ಫಾಂಟ್‌ಗಳ ಮೂಲ ಕಡತಗಳು, ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳು, ಅನುವಾದದ ಪಟ್ಟಿಗಳು ಅದರಲ್ಲಿ ವರ್ಷಗಟ್ಟಲೆ ಪೇರಿಸಿಕೊಂಡಿರುತ್ತವೆ. ಇಂಥ ರೆಪಾಸಿಟರಿಯನ್ನು ಇಡಿಯಾಗಿ ಇಳಿಸಿಕೊಳ್ಳುವುದೆಂದರೆ ಇಂದು ಯಾರೂ ತೆರೆಯದ ಹಳೆಯ ಸ್ಕ್ಯಾನ್‌ಗಳ ಪ್ರತಿಯೊಂದು ಆವೃತ್ತಿಯನ್ನೂ ಮೊಬೈಲ್ ಹಾಟ್‌ಸ್ಪಾಟ್‌ನ ಮೇಲೆ ಎಳೆದುಕೊಂಡಂತೆ. ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನ ಭಾಗಶಃ ಕ್ಲೋನ್ (ರೆಪಾಸಿಟರಿಯ ಪೂರ್ತಿಯಲ್ಲದ ನಕಲು) ಇದಕ್ಕಾಗಿಯೇ ಇದೆ. 2018ರ ಏಪ್ರಿಲ್‌ನಲ್ಲಿ ಬಂದ 2.17ನೇ ಆವೃತ್ತಿಯಿಂದ ಲಭ್ಯವಿರುವ ಈ ಸೌಲಭ್ಯದಲ್ಲಿ, ಕ್ಲೋನ್ ಮಾಡುವಾಗಲೇ ಒಂದು ಫಿಲ್ಟರ್ ಕೊಟ್ಟು ಕೆಲವು ಆಬ್ಜೆಕ್ಟ್‌ಗಳನ್ನು ಸರ್ವರ್‌ನಲ್ಲೇ ಬಿಟ್ಟು ಬರಬಹುದು. ಅವು ಬೇಕಾದಾಗ ಗಿಟ್ ತಾನಾಗಿಯೇ ತರಿಸಿಕೊಳ್ಳುತ್ತದೆ.

ಆದರೆ ಫಿಲ್ಟರ್ ಕೊಟ್ಟದ್ದಕ್ಕೂ ಅದು ಕೆಲಸ ಮಾಡಿದ್ದಕ್ಕೂ ಅಂತರವಿದೆ. ಬಹಳ ಮಂದಿ ಕ್ಲೋನ್ ಬೇಗ ಮುಗಿಯಿತು ಎಂಬುದನ್ನೇ ಪುರಾವೆ ಎಂದು ತಿಳಿದು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಪರೀಕ್ಷಿಸಲು ಹೊರಟು, ಪರೀಕ್ಷೆಯ ಮೂಲಕವೇ ಇಲ್ಲದ ಆಬ್ಜೆಕ್ಟ್‌ಗಳನ್ನು ಇಳಿಸಿಕೊಂಡು, ಎಲ್ಲವೂ ಇದೆ ಎಂದು ವರದಿ ಬರೆಯುತ್ತಾರೆ. ಭಾಗಶಃ ಕ್ಲೋನ್‌ನ ಪರೀಕ್ಷೆಯಲ್ಲಿ ಇರುವ ನಿಜವಾದ ತೊಡಕು ಇದೇ: ಒಂದು ಆಬ್ಜೆಕ್ಟ್ ಇದೆಯೇ ಎಂದು ಕೇಳುವ ಬಹುತೇಕ ಕಮಾಂಡ್‌ಗಳು, ಇಲ್ಲದಿದ್ದರೆ ಅದನ್ನು ತರಿಸಿಯೇ ಉತ್ತರ ಕೊಡುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಜ್ಜೆಗಳ ಅನುಕ್ರಮವನ್ನು ಬದಲಿಸಬಾರದು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಎಂದಿನ ರೋಮನ್ ಕಾಗುಣಿತದಲ್ಲೇ ಟೈಪ್ ಮಾಡಬೇಕು. ಕಡತ ಮತ್ತು ಫೋಲ್ಡರ್‌ಗಳ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಟ್ಟುಕೊಳ್ಳಬಹುದು.

ಆಬ್ಜೆಕ್ಟ್‌ಗಳ ಲೆಕ್ಕ

ಗಿಟ್ ತನ್ನ ಸಂಗ್ರಹವನ್ನು ನಾಲ್ಕು ಬಗೆಯ ಆಬ್ಜೆಕ್ಟ್‌ಗಳಲ್ಲಿ ಇಡುತ್ತದೆ. ಕಡತದ ಒಳಗಿನ ವಿಷಯ ಬ್ಲಾಬ್. ಒಂದು ಫೋಲ್ಡರ್‌ನಲ್ಲಿ ಯಾವ ಹೆಸರಿಗೆ ಯಾವ ಬ್ಲಾಬ್ ಎಂಬ ಪಟ್ಟಿ ಟ್ರೀ. ಯಾರು, ಯಾವಾಗ, ಯಾವ ಟ್ರೀಯನ್ನು ದಾಖಲಿಸಿದರು ಎಂಬುದು ಕಮಿಟ್. ಟಿಪ್ಪಣಿಯೊಂದಿಗೆ ಇಟ್ಟ ಗುರುತು ಟ್ಯಾಗ್. ಆಳ ಕಡಿಮೆ ಮಾಡಿ ತೆಗೆಯುವ ಕ್ಲೋನ್, ಅಂದರೆ ಡೆಪ್ತ್ ಆಯ್ಕೆ, ಕಮಿಟ್‌ಗಳ ಸರಪಳಿಯನ್ನೇ ಕತ್ತರಿಸುತ್ತದೆ. ಭಾಗಶಃ ಕ್ಲೋನ್ ಹಾಗಲ್ಲ. ಬ್ಲಾಬ್ ಫಿಲ್ಟರ್‌ಗಳಲ್ಲಿ ಕಮಿಟ್ ಮತ್ತು ಟ್ರೀಗಳೆಲ್ಲ ಬರುತ್ತವೆ, ಕಡತಗಳ ವಿಷಯ ಮಾತ್ರ ಹಿಂದೆ ಉಳಿಯುತ್ತದೆ. ಹೀಗೆ ಬಿಟ್ಟುಬಂದದ್ದನ್ನು ಕೇಳಿದಾಗ ಕೊಡುತ್ತೇನೆ ಎಂದು ಒಪ್ಪಿಕೊಂಡ ಸರ್ವರನ್ನು ಗಿಟ್ ಪ್ರಾಮಿಸರ್ ಎಂದು ಕರೆಯುತ್ತದೆ.

ಒಂದೇ ವಿಷಯ ಮೂರು ಕಡತಗಳಲ್ಲಿದ್ದರೂ ಬ್ಲಾಬ್ ಒಂದೇ ಎಂಬುದನ್ನು ನೆನಪಿನಲ್ಲಿಡಬೇಕು. ಮಾದರಿ ರೆಪಾಸಿಟರಿ ಕಟ್ಟುವಾಗ ಎಲ್ಲ ಕಡತಗಳಿಗೂ ಒಂದೇ ಸಾಲನ್ನು ಬರೆದವರ ಎಣಿಕೆ ತಪ್ಪುವುದು ಇಲ್ಲೇ.

ಹೆಜ್ಜೆ 1: ಪರಿಸರವನ್ನು ಶುದ್ಧಗೊಳಿಸುವುದು

ಮೊದಲು ಗಿಟ್‌ನ ಆವೃತ್ತಿಯನ್ನು ನೋಡಿ. ಆಯ್ದ ಫೋಲ್ಡರ್‌ಗಳ ಕಡತಗಳನ್ನಷ್ಟೇ ಹೊರಗೆ ಹರಡುವ ಸ್ಪಾರ್ಸ್-ಚೆಕ್‌ಔಟ್ ಕಮಾಂಡ್ 2020ರ ಜನವರಿಯ 2.25ರಲ್ಲಿ ಬಂದಿತು, ತಾನಾಗಿ ತರಿಸುವುದನ್ನು ತಡೆಯುವ ನೋ-ಲೇಜಿ-ಫೆಚ್ ಆಯ್ಕೆ 2024ರ 2.45ರದು. ಆದ್ದರಿಂದ 2.45 ಅಥವಾ ಅದರ ನಂತರದ ಆವೃತ್ತಿ ಇದ್ದರೆ ಇಲ್ಲಿ ಹೇಳಿದ ಬಹುತೇಕ ಎಲ್ಲವನ್ನೂ ನಡೆಸಬಹುದು. ಕ್ಲೈಂಟ್ ಮತ್ತು ಸರ್ವರ್ ಎರಡರ ಆವೃತ್ತಿಯನ್ನೂ ಬರೆದಿಟ್ಟುಕೊಳ್ಳಿ; ಕಚೇರಿಯ ಸರ್ವರ್‌ಗಳು ನಮ್ಮ ಲ್ಯಾಪ್‌ಟಾಪ್‌ಗಿಂತ ಹಳೆಯವಾಗಿರುವುದು ಅಪರೂಪವೇನಲ್ಲ.

ನಿಮ್ಮ ಸ್ವಂತ ಗಿಟ್ ಸೆಟ್ಟಿಂಗ್‌ಗಳು ಪರೀಕ್ಷೆಯ ಒಳಗೆ ನುಸುಳಬಾರದು. ಅದಕ್ಕಾಗಿ ಗಿಟ್_ಕಾನ್ಫಿಗ್_ಗ್ಲೋಬಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ಖಾಲಿ ಸಾಧನದ ಕಡೆಗೆ, ಅಂದರೆ /ಡೆವ್/ನಲ್ ಕಡೆಗೆ ತಿರುಗಿಸಿ, ಗಿಟ್_ಕಾನ್ಫಿಗ್_ನೋಸಿಸ್ಟಮ್ ಎಂಬುದಕ್ಕೆ 1 ಕೊಡಿ. ಹೀಗೆ ಮಾಡಿದಾಗ ನಿಮ್ಮ ಹೆಸರು ಮತ್ತು ಇಮೇಲ್ ಕೂಡ ಮರೆಯಾಗುವುದರಿಂದ ಅವನ್ನು ಮಾದರಿ ರೆಪಾಸಿಟರಿಯ ಒಳಗೇ ಕಾನ್ಫಿಗ್ ಮಾಡಬೇಕಾಗುತ್ತದೆ. ಪ್ರತಿ ಕ್ಲೋನ್‌ನಲ್ಲೂ ಜಿಸಿ.ಆಟೋ ಎಂಬುದನ್ನು 0 ಎಂದೂ ಮೇಂಟೆನೆನ್ಸ್.ಆಟೋ ಎಂಬುದನ್ನು ಫಾಲ್ಸ್ ಎಂದೂ ಇಡಿ. ಇಲ್ಲವಾದರೆ ಹಿನ್ನೆಲೆಯಲ್ಲಿ ಗಿಟ್ ಪ್ಯಾಕ್‌ಗಳನ್ನು (ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ಇಡುವ ಕಡತಗಳನ್ನು) ಒಟ್ಟುಗೂಡಿಸಿ, ಮುಂದೆ ನಾವು ನೆಚ್ಚಿಕೊಳ್ಳುವ ಎಣಿಕೆಯನ್ನು ಕೆಡಿಸಬಹುದು.

ಹೆಜ್ಜೆ 2: ಎಣಿಸಿ ಗೊತ್ತಿರುವ ಮೂಲ ರೆಪಾಸಿಟರಿ

ದೊಡ್ಡ ನಿಜ ರೆಪಾಸಿಟರಿಯ ಮೇಲೆ ಪರೀಕ್ಷೆ ಆರಂಭಿಸಬೇಡಿ. ಎಷ್ಟು ಇರಬೇಕು ಎಂದು ಕೈಯಿಂದ ಎಣಿಸಬಹುದಾದಷ್ಟು ಚಿಕ್ಕದನ್ನು ನೀವೇ ಕಟ್ಟಿಕೊಳ್ಳಿ. ಒಂದು ಖಾಲಿ ಫೋಲ್ಡರ್‌ನಲ್ಲಿ:

ಗಿಟ್ ಇನಿಟ್ ಮೂಲ

ಇದರೊಳಗೆ ಕವಿತೆ, ಗದ್ಯ, ಟಿಪ್ಪಣಿ ಎಂಬ ಮೂರು ಪಠ್ಯ ಕಡತಗಳನ್ನು ಇಡಿ. ಪುಟಗಳು ಎಂಬ ಉಪಫೋಲ್ಡರ್‌ನಲ್ಲಿ ಸ್ಕ್ಯಾನ್ ಎಂಬ ಒಂದು ಕಡತವಿರಲಿ. ನಾಲ್ಕು ಕಮಿಟ್‌ಗಳನ್ನು ಮಾಡಿ. ಪ್ರತಿ ಕಮಿಟ್‌ನಲ್ಲೂ ಮೂರು ಪಠ್ಯ ಕಡತಗಳು ಬದಲಾಗಬೇಕು. ಅವುಗಳಲ್ಲಿ ಬರೆಯುವ ಸಾಲಿನಲ್ಲಿ ಕಡತದ ಹೆಸರೂ ಕಮಿಟ್‌ನ ಸಂಖ್ಯೆಯೂ ಸೇರಿರಲಿ, ಆಗ ಯಾವ ಎರಡು ಆವೃತ್ತಿಗಳೂ ಒಂದೇ ಆಗುವುದಿಲ್ಲ. ಸ್ಕ್ಯಾನ್ ಕಡತವನ್ನು ಮೊದಲನೆಯ ಮತ್ತು ಮೂರನೆಯ ಕಮಿಟ್‌ಗಳಲ್ಲಿ ಮಾತ್ರ ಬರೆಯಿರಿ. ಅದರ ವಿಷಯವಾಗಿ /ಡೆವ್/ಯುರ‍್ಯಾಂಡಮ್‌ನಿಂದ ತೆಗೆದ 2 ಎಂಬಿ ಯಾದೃಚ್ಛಿಕ ಬೈಟ್‌ಗಳು ಇರಲಿ. ಸೊನ್ನೆಗಳನ್ನೋ ಒಂದೇ ಅಕ್ಷರವನ್ನೋ ತುಂಬಿದರೆ ಗಿಟ್ ಅದನ್ನು ಹಿಂಡಿ ಚಿಕ್ಕದು ಮಾಡಿಬಿಡುವುದರಿಂದ ಗಾತ್ರದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಈಗ ಲೆಕ್ಕ: ಪಠ್ಯದ ಬ್ಲಾಬ್‌ಗಳು 12, ಸ್ಕ್ಯಾನ್‌ನ ಬ್ಲಾಬ್‌ಗಳು 2, ಒಟ್ಟು 14. ಮೇಲುಹಂತದ ಟ್ರೀಗಳು 4. ಉಪಫೋಲ್ಡರ್‌ನ ಟ್ರೀ ಸ್ಕ್ಯಾನ್ ಬದಲಾದಾಗ ಮಾತ್ರ ಬದಲಾಗುವುದರಿಂದ ಅದರದು 2. ಕಮಿಟ್‌ಗಳು 4. ಎಲ್ಲ ಸೇರಿ 24 ಆಬ್ಜೆಕ್ಟ್‌ಗಳು. ಇದನ್ನು ಗಿಟ್‌ನ ಬಾಯಿಂದಲೂ ಹೇಳಿಸಿ:

ಗಿಟ್ ಕ್ಯಾಟ್-ಫೈಲ್ --ಬ್ಯಾಚ್-ಆಲ್-ಆಬ್ಜೆಕ್ಟ್ಸ್ --ಬ್ಯಾಚ್-ಚೆಕ್

ಪ್ರತಿ ಸಾಲಿನಲ್ಲಿ ಆಬ್ಜೆಕ್ಟ್‌ನ ಗುರುತು (ಅದರ ಹ್ಯಾಶ್ ಸಂಖ್ಯೆ), ಬಗೆ, ಗಾತ್ರ ಬರುತ್ತವೆ. ಬ್ಲಾಬ್ ಎಂದಿರುವ ಸಾಲುಗಳ ಗುರುತುಗಳನ್ನು ಮಾತ್ರ ವಿಂಗಡಿಸಿ, ಅಕಾರಾದಿಯಾಗಿ ಜೋಡಿಸಿ, ನಿರೀಕ್ಷೆ ಎಂಬ ಕಡತದಲ್ಲಿ ಇಡಿ. 14ರ ಬದಲು ಬೇರೆ ಸಂಖ್ಯೆ ಬಂದರೆ ಇಲ್ಲೇ ನಿಂತು ಸರಿಪಡಿಸಿಕೊಳ್ಳಬೇಕು.

ಕನ್ನಡ ಹೆಸರಿನ ಕಡತಗಳನ್ನು ಬಳಸುವವರಿಗೆ ಒಂದು ಮಾತು. ಗಿಟ್ ಅಂಥ ಹೆಸರುಗಳನ್ನು ಚೆನ್ನಾಗಿಯೇ ಸಂಗ್ರಹಿಸುತ್ತದೆ, ಆದರೆ ತೋರಿಸುವಾಗ ಪ್ರತಿ ಬೈಟನ್ನೂ ಅಷ್ಟಮಾನದ ಸಂಖ್ಯೆಯಾಗಿ ಬಿಡಿಸುತ್ತದೆ. ಯುಟಿಎಫ್-8ರಲ್ಲಿ ಮೂರು ಬೈಟ್‌ಗಳಾಗುವ ಅಕಾರ \340\262\205 ಎಂದು ಕಾಣಿಸುತ್ತದೆ. ಕೋರ್.ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಮಾಡಿದರೆ ಹೆಸರು ಹೆಸರಾಗಿಯೇ ಕಾಣುತ್ತದೆ. ಪರೀಕ್ಷೆಯ ಸ್ಕ್ರಿಪ್ಟ್‌ನಲ್ಲಿ ಹೆಸರುಗಳನ್ನು ಹೋಲಿಸುವವರು ಇದನ್ನು ಮೊದಲೇ ಮಾಡಿಕೊಂಡರೆ ಮುಂದೆ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಹೆಜ್ಜೆ 3: ಮೊದಲು ವಿಫಲವಾಗುವ ಪರೀಕ್ಷೆ

ಫಿಲ್ಟರ್ ಕೆಲಸ ಮಾಡದ ಸ್ಥಿತಿಯನ್ನು ಕಣ್ಣಾರೆ ನೋಡದೆ, ಕೆಲಸ ಮಾಡಿದ ಸ್ಥಿತಿಯನ್ನು ಗುರುತಿಸಲಾಗದು. ಎರಡು ರೀತಿಯಲ್ಲಿ ಅದನ್ನು ಬೇಕೆಂದೇ ವಿಫಲಗೊಳಿಸಿ.

ಮೊದಲನೆಯದು, ಫೋಲ್ಡರ್‌ನ ದಾರಿಯನ್ನು ನೇರವಾಗಿ ಕೊಟ್ಟು ಕ್ಲೋನ್ ಮಾಡುವುದು. ಒಂದೇ ಡಿಸ್ಕ್‌ನಲ್ಲಿರುವ ರೆಪಾಸಿಟರಿಯನ್ನು ಹೀಗೆ ಕ್ಲೋನ್ ಮಾಡಿದಾಗ ಗಿಟ್ ಸರ್ವರ್‌ನ ಮಾತುಕತೆಯನ್ನೇ ಬಿಟ್ಟು ಆಬ್ಜೆಕ್ಟ್ ಕಡತಗಳನ್ನು ಸೀದಾ ಜೋಡಿಸಿಬಿಡುತ್ತದೆ. ಸ್ಥಳೀಯ ಕ್ಲೋನ್‌ಗಳಲ್ಲಿ ಫಿಲ್ಟರನ್ನು ಕಡೆಗಣಿಸಲಾಗುತ್ತದೆ, ಬದಲಿಗೆ ಫೈಲ್:// ಎಂದು ಆರಂಭವಾಗುವ ವಿಳಾಸ ಬಳಸಿ ಎಂಬ ಎಚ್ಚರಿಕೆ ಬರುತ್ತದೆ, ಕ್ಲೋನ್ ಮಾತ್ರ ಯಶಸ್ವಿಯಾಗಿ ಮುಗಿಯುತ್ತದೆ. ಸ್ಕ್ರಿಪ್ಟ್‌ನ ಒಳಗೆ ಓಡಿಸಿದವರಿಗೆ ಆ ಎಚ್ಚರಿಕೆ ಕಾಣಿಸುವುದೇ ಇಲ್ಲ.

ಎರಡನೆಯದು, ಫೈಲ್:// ಬಳಸಿಯೂ ಸರ್ವರ್ ಬದಿಯ ಅನುಮತಿ ಕೊಡದಿರುವುದು. ಅನುಮತಿಯ ಸೆಟ್ಟಿಂಗ್ ಮೂಲತಃ ಮುಚ್ಚಿಯೇ ಇರುವುದರಿಂದ, ಸರ್ವರ್ ಫಿಲ್ಟರನ್ನು ಗುರುತಿಸಲಿಲ್ಲ, ಕಡೆಗಣಿಸಲಾಗಿದೆ ಎಂಬ ಎಚ್ಚರಿಕೆಯೊಂದಿಗೆ 24 ಆಬ್ಜೆಕ್ಟ್‌ಗಳೂ ಬರುತ್ತವೆ. ಇಲ್ಲೂ ಕಮಾಂಡ್‌ನ ನಿರ್ಗಮನ ಸಂಖ್ಯೆ 0, ಅಂದರೆ ಯಶಸ್ಸಿನ ಸೂಚನೆ, ಆಗಿರುತ್ತದೆ. ಆದ್ದರಿಂದ ಕ್ಲೋನ್ ಯಶಸ್ವಿಯಾಯಿತೇ ಎಂಬುದನ್ನಷ್ಟೇ ನೋಡುವ ಪರೀಕ್ಷೆಗೆ ಬೆಲೆಯಿಲ್ಲ.

ಎರಡೂ ಕ್ಲೋನ್‌ಗಳಲ್ಲಿ ಕೆಳಗಿನ ಕಮಾಂಡ್ ಒಂದೂ ಪ್ರಶ್ನಾರ್ಥಕ ಚಿಹ್ನೆಯ ಸಾಲನ್ನು ಕೊಡಬಾರದು:

ಗಿಟ್ ರೆವ್-ಲಿಸ್ಟ್ --ಆಬ್ಜೆಕ್ಟ್ಸ್ --ಆಲ್ --ಮಿಸ್ಸಿಂಗ್=ಪ್ರಿಂಟ್

ನಮ್ಮ ಪರೀಕ್ಷೆಯ ಮುಖ್ಯ ಉಪಕರಣ ಇದೇ. ಇದು ಎಲ್ಲ ಕಮಿಟ್‌ಗಳಿಂದ ಹೊರಟು ತಲುಪಬಹುದಾದ ಆಬ್ಜೆಕ್ಟ್‌ಗಳನ್ನೆಲ್ಲ ಪಟ್ಟಿ ಮಾಡುತ್ತದೆ; ಸ್ಥಳೀಯವಾಗಿ ಇಲ್ಲದವುಗಳ ಗುರುತಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ, ಆದರೆ ಅವನ್ನು ತರಿಸುವುದಿಲ್ಲ. ಇದರ ಬದಲು ಕ್ಯಾಟ್-ಫೈಲ್‌ಗೆ ಒಂದು ಗುರುತನ್ನು ಕೊಟ್ಟು ಇದೆಯೇ ಎಂದು ಕೇಳಿದರೆ ಅದು ಸರ್ವರ್‌ಗೆ ಹೋಗಿ ತಂದು, ಇದೆ ಎನ್ನುತ್ತದೆ. ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಬಿಟ್ಟುಬಂದ ಸಾಮಾನಿಗೂ ಮನೆಯಲ್ಲಿ ಕಳೆದುಹೋದ ಸಾಮಾನಿಗೂ ಇರುವಷ್ಟೇ ವ್ಯತ್ಯಾಸ ಸರ್ವರ್‌ನಲ್ಲಿ ಉಳಿದ ಆಬ್ಜೆಕ್ಟ್‌ಗೂ ನಾಶವಾದ ಆಬ್ಜೆಕ್ಟ್‌ಗೂ ಇದೆ. ಅದನ್ನು ಆರನೆಯ ಹೆಜ್ಜೆಯಲ್ಲಿ ಬೇರೆಯಾಗಿ ನೋಡೋಣ.

ಹೆಜ್ಜೆ 4: ಬ್ಲಾಬ್ ಇಲ್ಲದ ಕ್ಲೋನ್

ಮೂಲ ರೆಪಾಸಿಟರಿಯಲ್ಲಿ ಅನುಮತಿ ಕೊಡಿ:

ಗಿಟ್ ಕಾನ್ಫಿಗ್ ಅಪ್‌ಲೋಡ್‌ಪ್ಯಾಕ್.ಅಲೌಫಿಲ್ಟರ್ ಟ್ರೂ

ಕ್ಲೈಂಟ್ ಮತ್ತು ಸರ್ವರ್ ಮಾತುಕತೆಯ ನಿಯಮಗಳಲ್ಲಿ, 2.26ರಿಂದ ಗಿಟ್ ತಾನಾಗಿಯೇ ಬಳಸುವ ಎರಡನೆಯ ಪ್ರೋಟೋಕಾಲ್‌ನಲ್ಲಿ ಇಷ್ಟು ಸಾಕು. ಹಳೆಯ ಪ್ರೋಟೋಕಾಲನ್ನೂ ಪರೀಕ್ಷಿಸಬೇಕಾದವರು ಅಪ್‌ಲೋಡ್‌ಪ್ಯಾಕ್.ಅಲೌಎನಿಶಾ1ಇನ್‌ವಾಂಟ್ ಎಂಬುದನ್ನೂ ಟ್ರೂ ಮಾಡಬೇಕು. ಇಲ್ಲದಿದ್ದರೆ ಕ್ಲೋನ್ ಆಗುತ್ತದೆ, ಆಮೇಲೆ ಬಿಡಿ ಆಬ್ಜೆಕ್ಟ್ ಕೇಳಿದಾಗ ಸರ್ವರ್ ನಿರಾಕರಿಸುತ್ತದೆ. ನಂತರ:

ಗಿಟ್ ಕ್ಲೋನ್ --ನೋ-ಚೆಕ್‌ಔಟ್ --ಫಿಲ್ಟರ್=ಬ್ಲಾಬ್:ನನ್ ಫೈಲ್://ಪೂರ್ಣದಾರಿ/ಮೂಲ ಭಾಗ1

ನೋ-ಚೆಕ್‌ಔಟ್ ಆಯ್ಕೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಕ್ಲೋನ್ ಮುಗಿದ ಕೂಡಲೇ ಗಿಟ್ ಕಡತಗಳನ್ನು ಹೊರಗೆ ಹರಡಲು ಹೊರಟು, ಅದಕ್ಕೆ ಬೇಕಾದ ಬ್ಲಾಬ್‌ಗಳನ್ನು ಎರಡನೆಯ ಸುತ್ತಿನಲ್ಲಿ ತರಿಸುತ್ತದೆ. ಬಳಕೆದಾರರಿಗೆ ಇದು ಸರಿಯಾದ ನಡೆ, ಆದರೆ ನಮಗೆ ಎರಡು ಘಟನೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಮೂರು ಕಡೆ ನೋಡಬೇಕು. ಕಾನ್ಫಿಗ್‌ನಲ್ಲಿ ಕೋರ್.ರೆಪಾಸಿಟರಿಫಾರ್ಮ್ಯಾಟ್‌ವರ್ಷನ್ 1 ಆಗಿರಬೇಕು, ರಿಮೋಟ್.ಆರಿಜಿನ್.ಪ್ರಾಮಿಸರ್ ಟ್ರೂ ಆಗಿರಬೇಕು, ರಿಮೋಟ್.ಆರಿಜಿನ್.ಪಾರ್ಷಿಯಲ್‌ಕ್ಲೋನ್‌ಫಿಲ್ಟರ್ ಬ್ಲಾಬ್:ನನ್ ಎಂದಿರಬೇಕು. ಈ ಸಾಲುಗಳು ಏನನ್ನು ಕೇಳಲಾಯಿತು ಎಂಬುದನ್ನು ಹೇಳುತ್ತವೆಯೇ ಹೊರತು ಏನು ಬಂತು ಎಂಬುದನ್ನಲ್ಲ. ಎರಡನೆಯದಾಗಿ, .ಗಿಟ್ ಫೋಲ್ಡರ್‌ನ ಒಳಗೆ ಆಬ್ಜೆಕ್ಟ್ಸ್/ಪ್ಯಾಕ್‌ನಲ್ಲಿ ಪ್ಯಾಕ್ ಕಡತದ ಜೊತೆಗೆ .ಪ್ರಾಮಿಸರ್ ಎಂದು ಕೊನೆಗೊಳ್ಳುವ ಒಂದು ಕಡತ ಇರಬೇಕು. ಮೂರನೆಯದೇ ನಿರ್ಣಾಯಕ: ರೆವ್-ಲಿಸ್ಟ್‌ನ ಪ್ರಶ್ನಾರ್ಥಕ ಸಾಲುಗಳು 14 ಇರಬೇಕು, ಚಿಹ್ನೆಯನ್ನು ತೆಗೆದು ಜೋಡಿಸಿದ ಗುರುತುಗಳು ನಿರೀಕ್ಷೆ ಕಡತದೊಂದಿಗೆ ಡಿಫ್ ಮಾಡಿದಾಗ ಒಂದಕ್ಷರವೂ ಭಿನ್ನವಾಗಿರಬಾರದು. ಎಣಿಕೆ ಹೊಂದಿದರೆ ಸಾಕು ಎಂದುಕೊಳ್ಳುವುದಕ್ಕಿಂತ ಗುರುತುಗಳನ್ನೇ ಹೋಲಿಸುವುದು ಮೇಲು.

ಈಗ ಚೆಕ್‌ಔಟ್ ಮಾಡಿ. ಪ್ರಸ್ತುತ ಕಮಿಟ್‌ನಲ್ಲಿ ಮೂರು ಪಠ್ಯಗಳೂ ಒಂದು ಸ್ಕ್ಯಾನ್ ಕೂಡ ಇರುವುದರಿಂದ ನಾಲ್ಕು ಬ್ಲಾಬ್‌ಗಳು ಬಂದು, ಇಲ್ಲದವು 10ಕ್ಕೆ ಇಳಿಯಬೇಕು. ಆ ನಾಲ್ಕೂ ಒಂದೇ ಕೋರಿಕೆಯಲ್ಲಿ ಬಂದವೇ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಸುಲಭವಾದ ಅಳತೆಯೊಂದಿದೆ: ಪ್ರಾಮಿಸರ್‌ನಿಂದ ತರಿಸಿದ ಪ್ರತಿಯೊಂದು ಕಂತೂ ಎಷ್ಟೇ ಚಿಕ್ಕದಾಗಿದ್ದರೂ ತನ್ನದೇ ಪ್ಯಾಕ್ ಆಗಿ ಉಳಿಯುತ್ತದೆ. ಆದ್ದರಿಂದ .ಪ್ರಾಮಿಸರ್ ಕಡತಗಳ ಸಂಖ್ಯೆ 1ರಿಂದ 2ಕ್ಕೆ ಏರಿದರೆ ಕೋರಿಕೆ ಒಂದೇ. 5ಕ್ಕೆ ಏರಿದರೆ ಗಿಟ್ ಕಡತಕ್ಕೊಂದರಂತೆ ನಾಲ್ಕು ಬಾರಿ ಸರ್ವರ್ ಬಾಗಿಲು ತಟ್ಟಿದೆ ಎಂದರ್ಥ. ಇನ್ನಷ್ಟು ಖಚಿತ ಬೇಕಾದವರು ಗಿಟ್_ಟ್ರೇಸ್ ಎಂಬುದಕ್ಕೆ 1 ಕೊಟ್ಟು, ಸರ್ವರ್‌ನಿಂದ ತರಿಸಲು ಒಳಗಿಂದ ಓಡುವ ಫೆಚ್ ಕಮಾಂಡ್‌ನ ಸಾಲುಗಳನ್ನು ಎಣಿಸಬಹುದು.

ಹೆಜ್ಜೆ 5: ದಿನನಿತ್ಯದ ಕಮಾಂಡ್‌ಗಳ ಬೆಲೆ

ಭಾಗಶಃ ಕ್ಲೋನ್ ಕೊಂಡ ಮೇಲೆ ನಿಜವಾದ ಖರ್ಚು ಬರುವುದು ಬಳಕೆಯಲ್ಲಿ. ಆದ್ದರಿಂದ ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕು. ಚೆಕ್‌ಔಟ್ ಮುಗಿದ ಭಾಗ1 ಫೋಲ್ಡರನ್ನು ಹಾಗೆಯೇ ನಕಲು ಮಾಡಿ, ಪ್ರತಿ ಕಮಾಂಡ್‌ಗೂ ಒಂದು ಹೊಸ ನಕಲನ್ನು ಬಳಸಿ. ಒಂದೇ ನಕಲಿನಲ್ಲಿ ಎರಡು ಕಮಾಂಡ್‌ಗಳನ್ನು ಓಡಿಸಿದರೆ ಮೊದಲನೆಯದು ತಂದ ಆಬ್ಜೆಕ್ಟ್‌ಗಳ ಮೇಲೆ ಎರಡನೆಯದು ಸವಾರಿ ಮಾಡುತ್ತದೆ. ಪ್ರತಿ ಬಾರಿಯೂ ಮೊದಲು ಮತ್ತು ಆಮೇಲೆ ಇಲ್ಲದವುಗಳ ಪಟ್ಟಿಯನ್ನೂ .ಪ್ರಾಮಿಸರ್ ಕಡತಗಳ ಎಣಿಕೆಯನ್ನೂ ತೆಗೆದುಕೊಳ್ಳಿ.

ಕಮಿಟ್‌ಗಳ ಪಟ್ಟಿ ಕೊಡುವ ಬರಿಯ ಗಿಟ್ ಲಾಗ್ ಮತ್ತು ಬದಲಾದ ಕಡತಗಳನ್ನು ತೋರಿಸುವ ಗಿಟ್ ಸ್ಟೇಟಸ್ ಏನನ್ನೂ ತರಿಸಬಾರದು. ಹಾದಿಯ ಹೆಸರು ಕೊಟ್ಟ ಲಾಗ್ ಕೂಡ, ಟ್ರೀಗಳು ಕೈಯಲ್ಲೇ ಇರುವುದರಿಂದ, ತರಿಸಬಾರದು. ಈಗ ಇದನ್ನು ಓಡಿಸಿ:

ಗಿಟ್ ಲಾಗ್ -ಪಿ -- ಕವಿತೆ

ನಾಲ್ಕನೆಯ ಆವೃತ್ತಿ ಈಗಾಗಲೇ ಇದೆ. ಉಳಿದ ಮೂರು ಬರಬೇಕು. ಇಲ್ಲದವು 10ರಿಂದ 7ಕ್ಕೆ ಇಳಿಯುತ್ತವೆ. ಆದರೆ .ಪ್ರಾಮಿಸರ್ ಕಡತಗಳು 2ರಿಂದ 5ಕ್ಕೆ ಏರುತ್ತವೆ, ಏಕೆಂದರೆ ಲಾಗ್ ಒಂದೊಂದೇ ಕಮಿಟ್‌ನ ವ್ಯತ್ಯಾಸವನ್ನು ಲೆಕ್ಕ ಹಾಕುತ್ತ ಹೋಗುತ್ತದೆ; ಒಂದು ಹೋಲಿಕೆಗೆ ಬೇಕಾದ ಬ್ಲಾಬ್‌ಗಳನ್ನು ಅದು ಒಟ್ಟಿಗೆ ಕೇಳಬಲ್ಲದು, ಮುಂದಿನ ಹೋಲಿಕೆಗೆ ಏನು ಬೇಕು ಎಂಬುದನ್ನು ಮುಂದಾಗಿ ನೋಡುವುದಿಲ್ಲ. ಚೆಕ್‌ಔಟ್‌ನಲ್ಲಿ ನಾಲ್ಕು ಬ್ಲಾಬ್‌ಗೆ ಒಂದು ಕೋರಿಕೆ, ಇಲ್ಲಿ ಮೂರು ಬ್ಲಾಬ್‌ಗೆ ಮೂರು ಕೋರಿಕೆ. ಯಾವ ಸಾಲನ್ನು ಯಾರು ಬರೆದರು ಎಂದು ಹೇಳುವ ಗಿಟ್ ಬ್ಲೇಮ್ ಕೂಡ ಹಿಂದಿನ ಆವೃತ್ತಿಗಳನ್ನು ಹೀಗೆಯೇ ಒಂದೊಂದಾಗಿ ಬಗೆಯುತ್ತದೆ.

ಮಾದರಿ ರೆಪಾಸಿಟರಿಯಲ್ಲಿ ಇದು ಕ್ಷಣದಲ್ಲಿ ಮುಗಿಯುವುದರಿಂದ ಅಪಾಯ ಅರಿವಾಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಸರ್ವರ್ ಸಮುದ್ರದಾಚೆ ಇದ್ದು ಒಂದು ಸುತ್ತಿಗೆ 250 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, 300 ಆವೃತ್ತಿಗಳಿರುವ ಕಡತದ ಮೇಲಿನ ಬ್ಲೇಮ್‌ಗೆ ಕಾಯುವುದರಲ್ಲೇ 75 ಸೆಕೆಂಡ್ ಹೋಗುತ್ತದೆ. ಪ್ರತಿ ಕೋರಿಕೆಗೂ ಹೊಸ ಸಂಪರ್ಕ ಕುದುರಿಸಬೇಕಾಗಿರುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ. ಸರ್ವರ್ ಮುಂಬಯಿಯ ಡೇಟಾ ಸೆಂಟರ್‌ನಲ್ಲಿದ್ದು ನೀವು ಪುಣೆಯಲ್ಲಿದ್ದರೆ ಇದೇ ಪರೀಕ್ಷೆ ಬಹಳ ಸೌಮ್ಯವಾದ ಫಲಿತಾಂಶ ಕೊಡುತ್ತದೆ. ಹೀಗಾಗಿ ಸೆಕೆಂಡ್‌ಗಳನ್ನು ವರದಿ ಮಾಡುವುದಕ್ಕಿಂತ ಕೋರಿಕೆಗಳ ಸಂಖ್ಯೆಯನ್ನು ವರದಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಕೆಂಡ್ ಊರಿಂದ ಊರಿಗೆ ಬದಲಾಗುತ್ತದೆ, ಕೋರಿಕೆಗಳ ಸಂಖ್ಯೆ ಬದಲಾಗುವುದಿಲ್ಲ.

2025ರ ಮಾರ್ಚ್‌ನ 2.49ರಲ್ಲಿ ಗಿಟ್ ಬ್ಯಾಕ್‌ಫಿಲ್ ಎಂಬ ಪ್ರಾಯೋಗಿಕ ಕಮಾಂಡ್ ಸೇರಿದೆ. ಅದು ಇತಿಹಾಸದ ಇಲ್ಲದ ಬ್ಲಾಬ್‌ಗಳನ್ನು ದೊಡ್ಡ ಕಂತುಗಳಲ್ಲಿ ತರಿಸುತ್ತದೆ. ಹೊಸ ನಕಲಿನಲ್ಲಿ ಅದನ್ನು ಓಡಿಸಿದರೆ ಇಲ್ಲದವು 10ರಿಂದ 0ಗೆ ಇಳಿಯಬೇಕು.

ಹೆಜ್ಜೆ 6: ನೆಟ್‌ವರ್ಕ್ ಇಲ್ಲದಾಗ

ಕರ್ಜತ್ ದಾಟಿ ಲೋಣಾವಳದ ಕಡೆಗೆ ಘಟ್ಟ ಏರುವ ರೈಲಿನಲ್ಲಿ ಒಂದಾದ ಮೇಲೊಂದು ಸುರಂಗ ಬರುತ್ತದೆ. ಅಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತವರಿಗೆ ಭಾಗಶಃ ಕ್ಲೋನ್‌ನ ಮಿತಿ ತಾನಾಗಿಯೇ ತಿಳಿಯುತ್ತದೆ. ಮೇಜಿನ ಮುಂದೆ ಕುಳಿತೇ ಅದನ್ನು ನೋಡಲು ಭಾಗ1ರ ಹೊಸ ನಕಲೊಂದನ್ನು ತೆಗೆದುಕೊಂಡು, ಮೂಲ ಫೋಲ್ಡರ್‌ನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ. ಈಗ ಲಾಗ್, ಸ್ಟೇಟಸ್, ಹೊಸ ಕಮಿಟ್ ಮಾಡುವುದು ಇವೆಲ್ಲ ನಡೆಯಬೇಕು. ಹಳೆಯ ಆವೃತ್ತಿಯೊಂದನ್ನು ಗಿಟ್ ಶೋ ಮೂಲಕ ಕೇಳಿದರೆ ಪ್ರಾಮಿಸರ್‌ನಿಂದ ತರಲಾಗಲಿಲ್ಲ ಎಂಬ ಸ್ಪಷ್ಟ ದೋಷದೊಂದಿಗೆ ಕಮಾಂಡ್ ಸೋಲಬೇಕು, ನಿರ್ಗಮನ ಸಂಖ್ಯೆ 0 ಆಗಿರಬಾರದು. ಖಾಲಿ ಉತ್ತರದೊಂದಿಗೆ ಯಶಸ್ಸು ಎಂದು ಹೇಳಿದರೆ ಅದು ಗಂಭೀರ ದೋಷ.

ಸರ್ವರನ್ನು ಅಲುಗಿಸದೆ ಇದೇ ಸ್ಥಿತಿಯನ್ನು ತರಲು ಗಿಟ್ --ನೋ-ಲೇಜಿ-ಫೆಚ್ ಎಂದು ಆರಂಭಿಸಿ ಉಳಿದ ಕಮಾಂಡ್ ಬರೆಯಬಹುದು. ಯಾವ ಕಮಾಂಡ್ ಗುಟ್ಟಾಗಿ ಸರ್ವರ್‌ಗೆ ಹೋಗುತ್ತಿದೆ ಎಂದು ಹಿಡಿಯಲು ಇದಕ್ಕಿಂತ ಚುರುಕಾದ ಉಪಾಯವಿಲ್ಲ.

ಮೂಲ ಇನ್ನೂ ಮರೆಯಲ್ಲಿರುವಾಗಲೇ, ಸಂಗ್ರಹ ಸರಿಯಿದೆಯೇ ಎಂದು ಪರೀಕ್ಷಿಸುವ ಗಿಟ್ ಎಫ್‌ಎಸ್‌ಸಿಕೆ ಓಡಿಸಿ. ಹತ್ತು ಬ್ಲಾಬ್‌ಗಳು ಇಲ್ಲದಿದ್ದರೂ ಅದು ದೂರು ಹೇಳಬಾರದು, ಏಕೆಂದರೆ ಪ್ರಾಮಿಸರ್ ಪ್ಯಾಕ್‌ನಲ್ಲಿರುವ ಟ್ರೀಗಳು ಅವನ್ನು ಉಲ್ಲೇಖಿಸುತ್ತವೆ. ಅವು ಕಳೆದಿಲ್ಲ, ಸರ್ವರ್‌ನಲ್ಲಿವೆ. ಇನ್ನು ಇದರ ಮಗ್ಗುಲ ಪರೀಕ್ಷೆ, ಹೆಚ್ಚಿನವರು ಬಿಟ್ಟುಬಿಡುವಂಥದ್ದು: ಕ್ಲೋನ್‌ನಲ್ಲಿ ಹೊಸದೊಂದು ಕಡತವನ್ನು ಬರೆದು ಕಮಿಟ್ ಮಾಡಿ. ಆ ಬ್ಲಾಬ್ ನಿಮ್ಮ ಯಂತ್ರದಲ್ಲಿ ಮಾತ್ರ ಇದೆ, ಯಾವ ಸರ್ವರ್ ಕೂಡ ಅದರ ಹೊಣೆ ಹೊತ್ತಿಲ್ಲ. ಗಿಟ್ ರೆವ್-ಪಾರ್ಸ್‌ನಿಂದ ಅದರ ಗುರುತನ್ನು ಪಡೆದು, ಆಬ್ಜೆಕ್ಟ್ಸ್ ಫೋಲ್ಡರ್‌ನಲ್ಲಿ ಅದರ ಕಡತವನ್ನು ಕೈಯಾರೆ ಅಳಿಸಿ, ಮತ್ತೆ ಎಫ್‌ಎಸ್‌ಸಿಕೆ ಓಡಿಸಿ. ಈ ಬಾರಿ ಅದು ಬ್ಲಾಬ್ ಕಾಣೆಯಾಗಿದೆ ಎಂದು ಹೇಳಲೇಬೇಕು. ಎರಡೂ ಸಂದರ್ಭದಲ್ಲಿ ಸುಮ್ಮನಿರುವ ಉಪಕರಣ ನಿಮ್ಮ ನಿಜವಾದ ನಷ್ಟವನ್ನು ಮುಚ್ಚಿಡುತ್ತದೆ. ಎರಡರಲ್ಲೂ ಕೂಗುವ ಉಪಕರಣವನ್ನು ಯಾರೂ ಕೇಳುವುದಿಲ್ಲ.

ಮುಗಿದ ಮೇಲೆ ಮೂಲದ ಹೆಸರನ್ನು ಮರಳಿಸಿ, ಈ ನಕಲನ್ನು ಎಸೆಯಿರಿ.

ಹೆಜ್ಜೆ 7: ಉಳಿದ ಫಿಲ್ಟರ್‌ಗಳು

ಗಾತ್ರದ ಫಿಲ್ಟರ್ ಕನ್ನಡ ಸ್ಕ್ಯಾನ್‌ಗಳಂಥ ಸಂಗ್ರಹಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಪಠ್ಯದ ಇತಿಹಾಸವೆಲ್ಲ ಕೈಯಲ್ಲಿರುತ್ತದೆ, ಭಾರದ ಕಡತಗಳು ಮಾತ್ರ ಹೊರಗುಳಿಯುತ್ತವೆ. --ಫಿಲ್ಟರ್=ಬ್ಲಾಬ್:ಲಿಮಿಟ್=1ಎಂ ಎಂದು ನೋ-ಚೆಕ್‌ಔಟ್ ಜೊತೆಗೆ ಕ್ಲೋನ್ ಮಾಡಿದರೆ ಇಲ್ಲದವು 2 ಮಾತ್ರ ಇರಬೇಕು. ಗಡಿಯನ್ನೂ ಪರೀಕ್ಷಿಸಿ. ಮಿತಿಗೆ ಸಮನಾದ ಅಥವಾ ಅದಕ್ಕಿಂತ ದೊಡ್ಡ ಬ್ಲಾಬ್ ಹೊರಗುಳಿಯುತ್ತದೆ. ಆದ್ದರಿಂದ ಬೇರೊಂದು ಮಾದರಿಯಲ್ಲಿ 10,48,575 ಬೈಟ್‌ಗಳ ಕಡತ ಬರಬೇಕು, 10,48,576 ಬೈಟ್‌ಗಳದು ಬರಬಾರದು. ಮಿತಿಯನ್ನು 0 ಮಾಡಿದರೆ ಬ್ಲಾಬ್:ನನ್‌ಗೆ ಸಮ.

--ಫಿಲ್ಟರ್=ಟ್ರೀ:0 ಕಮಿಟ್‌ಗಳನ್ನು ಮಾತ್ರ ತರುತ್ತದೆ. ಇಲ್ಲಿ ನಮ್ಮ ಮುಖ್ಯ ಉಪಕರಣವೇ ದಾರಿ ತಪ್ಪಿಸಬಹುದು: 20 ಆಬ್ಜೆಕ್ಟ್‌ಗಳು ಇಲ್ಲದಿದ್ದರೂ ರೆವ್-ಲಿಸ್ಟ್ ತೋರಿಸುವುದು 4 ಪ್ರಶ್ನಾರ್ಥಕ ಸಾಲುಗಳನ್ನು ಮಾತ್ರ. ಮೇಲುಹಂತದ ಟ್ರೀಯೇ ಇಲ್ಲದಿರುವಾಗ ಅದರೊಳಗೆ ಏನೇನಿದೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಈ ಫಿಲ್ಟರ್‌ಗೆ ಇರುವುದನ್ನು ಎಣಿಸಬೇಕು. ಎರಡನೆಯ ಹೆಜ್ಜೆಯ ಕ್ಯಾಟ್-ಫೈಲ್ ಕಮಾಂಡನ್ನು ಕ್ಲೋನ್‌ನಲ್ಲಿ ಓಡಿಸಿದರೆ, ಕೆಲವು ಆಬ್ಜೆಕ್ಟ್‌ಗಳು ಕಾಣಿಸದಿರಬಹುದು ಎಂಬ ಎಚ್ಚರಿಕೆಯೊಂದಿಗೆ ನಾಲ್ಕು ಕಮಿಟ್‌ಗಳು ಮಾತ್ರ ಬರುತ್ತವೆ. ಒಮ್ಮೆ ಕಟ್ಟಿ ಎಸೆಯುವ ಬಿಲ್ಡ್ ಯಂತ್ರಗಳಿಗೆ ಈ ಫಿಲ್ಟರ್ ಸರಿ. ಮನುಷ್ಯರ ಕೈಗೆ ಕೊಡಬಾರದು. ಹಾದಿಯ ಹೆಸರು ಕೊಟ್ಟ ಒಂದು ಲಾಗ್ ಸಾಕು, ಟ್ರೀಗಳಿಗಾಗಿ ಕೋರಿಕೆಗಳ ಸಾಲೇ ಹೊರಡುತ್ತದೆ.

ಸ್ಪಾರ್ಸ್ ಆಯ್ಕೆಯೊಂದಿಗೆ ಸೇರಿಸಿ ನೋಡುವುದು ಸುಲಭ. ಕ್ಲೋನ್ ಕಮಾಂಡ್‌ಗೆ --ಫಿಲ್ಟರ್=ಬ್ಲಾಬ್:ನನ್ --ಸ್ಪಾರ್ಸ್ ಎಂದು ಕೊಟ್ಟು, ಈ ಬಾರಿ ಚೆಕ್‌ಔಟ್ ಆಗಲು ಬಿಡಿ. ಮೇಲುಹಂತದ ಮೂರು ಪಠ್ಯಗಳು ಮಾತ್ರ ಬರುವುದರಿಂದ ಇಲ್ಲದವು 11. ಗಿಟ್ ಸ್ಪಾರ್ಸ್-ಚೆಕ್‌ಔಟ್ ಸೆಟ್ ಪುಟಗಳು ಎಂದ ಮೇಲೆ 10.

ಸರ್ವರ್ ನಡೆಸುವವರು ಯಾವ ಫಿಲ್ಟರ್‌ಗೆ ಅನುಮತಿ ಎಂಬುದನ್ನು ಅಪ್‌ಲೋಡ್‌ಪ್ಯಾಕ್‌ಫಿಲ್ಟರ್.ಅಲೌ ಮೂಲಕ ನಿರ್ಬಂಧಿಸಬಹುದು. ಅದನ್ನು ಫಾಲ್ಸ್ ಮಾಡಿ, ಬ್ಲಾಬ್:ನನ್‌ಗೆ ಮಾತ್ರ ಪ್ರತ್ಯೇಕವಾಗಿ ಟ್ರೂ ಕೊಟ್ಟರೆ, ಟ್ರೀ:0 ಕೇಳಿದ ಕ್ಲೋನ್ ದೋಷದೊಂದಿಗೆ ನಿಲ್ಲಬೇಕು. ಮೂರನೆಯ ಹೆಜ್ಜೆಯಲ್ಲಿ ಕಂಡಂತೆ ಎಚ್ಚರಿಕೆ ಕೊಟ್ಟು ಎಲ್ಲವನ್ನೂ ಕಳಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ.

ಹೆಜ್ಜೆ 8: ಕಾಲ ಕಳೆದ ಮೇಲೆ

ಮೂಲದಲ್ಲಿ ಗದ್ಯ ಕಡತವನ್ನು ಬದಲಿಸಿ ಐದನೆಯ ಕಮಿಟ್ ಮಾಡಿ. ಭಾಗ1ರ ಹೊಸ ನಕಲೊಂದರಲ್ಲಿ ಯಾವ ಫಿಲ್ಟರನ್ನೂ ಹೇಳದೆ ಬರಿಯ ಗಿಟ್ ಫೆಚ್ ಓಡಿಸಿ. ಮೊದಲ ಕ್ಲೋನ್‌ನ ಫಿಲ್ಟರ್ ಕಾನ್ಫಿಗ್‌ನಲ್ಲಿ ಉಳಿದಿರುವುದರಿಂದ ಹೊಸ ಬ್ಲಾಬ್ ಬರಬಾರದು. ಇಲ್ಲದವು 10ರಿಂದ 11ಕ್ಕೆ ಏರಬೇಕು. ನಂತರ ಸಂಗ್ರಹವನ್ನು ಚೊಕ್ಕಗೊಳಿಸುವ ಗಿಟ್ ಜಿಸಿಯನ್ನು ನೀವೇ ಓಡಿಸಿ: ಪ್ರಾಮಿಸರ್ ಪ್ಯಾಕ್‌ಗಳು ಒಟ್ಟುಗೂಡಿದರೂ .ಪ್ರಾಮಿಸರ್ ಗುರುತು ಉಳಿದಿರಬೇಕು, ಇಲ್ಲದವುಗಳ ಪಟ್ಟಿ ಬದಲಾಗಬಾರದು, ಎಫ್‌ಎಸ್‌ಸಿಕೆ ತೆಪ್ಪಗಿರಬೇಕು. ಫಿಲ್ಟರನ್ನು ನಡುವೆ ಬದಲಿಸಿದವರು 2022ರ 2.36ರಿಂದ ಇರುವ --ರಿಫೆಚ್ ಆಯ್ಕೆಯೊಂದಿಗೆ ಫೆಚ್ ಮಾಡಿ, ಹೊಸ ನಿಯಮ ಹಳೆಯ ಇತಿಹಾಸಕ್ಕೂ ಅನ್ವಯವಾಯಿತೇ ಎಂದು ಇದೇ ಪಟ್ಟಿಯಿಂದ ತಿಳಿಯಬಹುದು.

ಭಾಗಶಃ ಕ್ಲೋನನ್ನೇ ಮೂಲವಾಗಿಟ್ಟು ಅದರಿಂದ ಮತ್ತೊಂದು ಕ್ಲೋನ್ ತೆಗೆಯುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಅದನ್ನು ತಪ್ಪದೆ ಪರೀಕ್ಷಿಸಿ. 2024ರ ಮೇ ತಿಂಗಳ ಭದ್ರತಾ ಬಿಡುಗಡೆಗಳ ನಂತರ ಸರ್ವರ್ ಪಾತ್ರದಲ್ಲಿರುವ ಗಿಟ್ ತನ್ನಲ್ಲಿಲ್ಲದ ಆಬ್ಜೆಕ್ಟ್‌ಗಳನ್ನು ತಾನಾಗಿ ತರಿಸುವುದನ್ನು ನಿಲ್ಲಿಸಿದೆ. ಹಿಂದೆ ನಡೆಯುತ್ತಿದ್ದ ಇಂಥ ಸರಪಳಿ ಈಗ ಕಡಿದುಬೀಳಬಹುದು.

ಗಿಟ್‌ನ ಸ್ವಂತ ಪರೀಕ್ಷೆ

ಇಷ್ಟನ್ನೂ ಸ್ಕ್ರಿಪ್ಟ್ ಆಗಿ ಬರೆಯುವ ಮೊದಲು ಗಿಟ್‌ನ ಮೂಲ ಕೋಡನ್ನು ತೆಗೆದುಕೊಂಡು ಅದರ ಟಿ ಫೋಲ್ಡರ್‌ನಲ್ಲಿರುವ ಟಿ5616-ಪಾರ್ಷಿಯಲ್-ಕ್ಲೋನ್.ಎಸ್‌ಎಚ್ ಕಡತವನ್ನು ಓದುವುದು ಒಳ್ಳೆಯದು. ಮೇಕ್ ಕಮಾಂಡ್‌ನಿಂದ ಗಿಟ್ಟನ್ನು ಕಟ್ಟಿದ ನಂತರ ಆ ಫೋಲ್ಡರ್‌ನಿಂದಲೇ ಅದನ್ನು -ವಿ -ಐ ಆಯ್ಕೆಗಳೊಂದಿಗೆ ಓಡಿಸಿದರೆ ಪ್ರತಿ ಹಂತದ ವಿವರ ಕಾಣಿಸುತ್ತದೆ, ಮೊದಲ ಸೋಲಿನಲ್ಲೇ ಓಟ ನಿಲ್ಲುತ್ತದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಸೋಲು ಕಂಡು ಗಿಟ್‌ನದು ಪಾಸಾದರೆ ಮೊದಲು ಸರ್ವರ್‌ನ ಸೆಟ್ಟಿಂಗ್‌ಗಳನ್ನೂ ಪ್ರೋಟೋಕಾಲ್ ಆವೃತ್ತಿಯನ್ನೂ ಶಂಕಿಸಿ. ಎರಡೂ ಸೋತರೆ ನಿಮ್ಮ ಯಂತ್ರದಲ್ಲಿ ಕಟ್ಟಿದ ಗಿಟ್‌ನಲ್ಲೇ ಏನೋ ಕೊರತೆಯಿದೆ. ಆಗ ವರದಿಯಲ್ಲಿ ಎರಡೂ ಬದಿಯ ಆವೃತ್ತಿ, ಕೊಟ್ಟ ಫಿಲ್ಟರ್, ಇಲ್ಲದವುಗಳ ಪಟ್ಟಿಯ ಮೊದಲಿನ ಮತ್ತು ನಂತರದ ರೂಪ,.ಪ್ರಾಮಿಸರ್ ಕಡತಗಳ ಎಣಿಕೆ ಇವಿಷ್ಟನ್ನು ಇಟ್ಟರೆ ಓದುವವರು ನಿಮ್ಮ ರೆಪಾಸಿಟರಿಯನ್ನು ಕೇಳದೆಯೇ ಅದೇ ಸ್ಥಿತಿಯನ್ನು ತಮ್ಮ ಯಂತ್ರದಲ್ಲಿ ಮರುಕಟ್ಟಿಕೊಳ್ಳಬಹುದು.